ನೋಟದಿಂದ ಚಿಕಿತ್ಸೆಗೆ: ಇಂಟರ್ವೆನ್ಷನಲ್ ರೇಡಿಯಾಲಜಿಯಲ್ಲಿ ನಿವಾಸಿ ವೈದ್ಯರ ಶಿಕ್ಷಣ

೧

ಹೈದರಾಬಾದಿನಲ್ಲಿ ಬಹುಕಾಲ ನೆಲೆಸಿದವರಿಗೆ 'ರೆಸಿಡೆನ್ಸಿ' ಎಂಬ ಮಾತು ಕಿವಿಗೆ ಬಿದ್ದೊಡನೆ ಕೋಠಿಯ ಭವ್ಯ ಕಟ್ಟಡವೇ ಕಣ್ಣಮುಂದೆ ನಿಲ್ಲುತ್ತದೆ. ನಿಜಾಮರ ಆಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ರೆಸಿಡೆಂಟನ ವಾಸಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಎದ್ದ ಆ ಸೌಧವು ಮುಂದೆ ಮಹಿಳೆಯರ ವಿದ್ಯಾಲಯವಾಯಿತು. ವೈದ್ಯಶಾಸ್ತ್ರದಲ್ಲಿ ಅದೇ ಮಾತಿಗೆ ಬೇರೊಂದು ಅರ್ಥವುಂಟು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ೧೮೮೯ರಲ್ಲಿ ತೆರೆದ ಮೇಲೆ, ಅಲ್ಲಿಯ ಆಚಾರ್ಯರಾದ ಆಸ್ಲರ್ ಮತ್ತು ಹಾಲ್‌ಸ್ಟೆಡ್ ಎಂಬವರು ಒಂದು ಪದ್ಧತಿಯನ್ನು ರೂಢಿಗೆ ತಂದರು. ಪದವಿ ಪಡೆದ ಕಿರಿಯ ವೈದ್ಯನು ಆಸ್ಪತ್ರೆಯಲ್ಲಿಯೇ ವಾಸವಾಗಿದ್ದು, ಹಗಲಿರುಳು ರೋಗಿಗಳ ನಡುವೆ ಇದ್ದು, ವರ್ಷದಿಂದ ವರ್ಷಕ್ಕೆ ಹೆಚ್ಚು ಹೊಣೆಯನ್ನು ಹೊರುತ್ತ ಕಲಿಯತಕ್ಕ ಪದ್ಧತಿಯದು. ಹೀಗೆ ವಾಸಿಸುವವನೇ ರೆಸಿಡೆಂಟ್. ಕನ್ನಡದಲ್ಲಿ ನಿವಾಸಿ ವೈದ್ಯನೆನ್ನಬಹುದು.

ಈ ನಿವಾಸಿ ಶಿಕ್ಷಣದ ಶಾಖೆಗಳಲ್ಲಿ ತೀರ ಇತ್ತೀಚಿನದು ಇಂಟರ್ವೆನ್ಷನಲ್ ರೇಡಿಯಾಲಜಿ. ದೇಹವನ್ನು ಅಗಲವಾಗಿ ಕೊಯ್ಯದೆ, ಚರ್ಮದಲ್ಲಿ ಎರಡು ಮಿಲಿಮೀಟರಿನಷ್ಟು ರಂಧ್ರ ಮಾಡಿ, ಅದರ ಮೂಲಕ ಸೂಜಿ, ತಂತಿ, ಸಣ್ಣ ಕೊಳವೆಗಳನ್ನು ಒಳಕ್ಕೆ ಕಳಿಸಿ, ಕ್ಷಕಿರಣ ಅಥವಾ ಅಲ್ಟ್ರಾಸೌಂಡಿನ ಬಿಂಬವನ್ನು ನೋಡುತ್ತ ರೋಗದ ಸ್ಥಾನವನ್ನು ತಲಪಿ ಚಿಕಿತ್ಸೆ ಮಾಡುವ ವಿದ್ಯೆ ಇದು. ಸಿಕಂದರಾಬಾದಿನ ಮಿನಿಸ್ಟರ್ ರಸ್ತೆಯ ಕಿಮ್ಸ್, ಅಲೆಕ್ಸಾಂಡರ್ ರಸ್ತೆಯ ಯಶೋದಾ ಮೊದಲಾದ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ನಡೆಯುತ್ತದೆ. ಅಲ್ಲಿಗೆ ಬರುವ ರೋಗಿಗಳಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಯ ಕನ್ನಡಿಗರೂ ಉಂಟು. ತಂತಿಯನ್ನು ತಳ್ಳುವ ಕೈ ಹೇಗೆ ಸಿದ್ಧವಾಗುತ್ತದೆ, ಅದಕ್ಕೆ ಎಷ್ಟು ವರ್ಷ ಬೇಕು, ಆ ವರ್ಷಗಳಲ್ಲಿ ಕೈಯ ಹೊರತು ಇನ್ನೇನು ಸಿದ್ಧವಾಗಬೇಕು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಸಿಕಂದರಾಬಾದಿಗೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಒಂದು ಸ್ಥಾನ ದೊರೆತದ್ದು ನೋಟದ ಬಲದಿಂದ. ೧೮೯೭ರ ಆಗಸ್ಟ್ ೨೦ರಂದು ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯನು ಬೇಗಂಪೇಟೆಯಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯದ ಜೀವಿಯನ್ನು ಸೂಕ್ಷ್ಮದರ್ಶಕದಿಂದ ಕಂಡನು. ಅದಕ್ಕೆ ಎರಡು ವರ್ಷ ಮೊದಲು, ೧೮೯೫ರ ನವೆಂಬರಿನಲ್ಲಿ, ಜರ್ಮನಿಯ ರಾಂಟ್‌ಜನ್ ಕ್ಷಕಿರಣಗಳನ್ನು ಕಂಡುಹಿಡಿದಿದ್ದನು. ಕಾಣದುದನ್ನು ಕಾಣುವುದೇ ಆ ಯುಗದ ವೈದ್ಯರ ದೊಡ್ಡ ಸಾಧನೆಯಾಗಿದ್ದಿತು. ಕ್ಷಕಿರಣಶಾಸ್ತ್ರವೂ ಹಾಗೆಯೇ ಬೆಳೆಯಿತು. ಅದರ ತಜ್ಞನು ಕತ್ತಲೆಯ ಕೋಣೆಯಲ್ಲಿ ಕುಳಿತು ಚಿತ್ರವನ್ನು ನೋಡಿ, ತನಗೆ ಕಂಡುದನ್ನು ಬರೆದು ಕಳಿಸುವನು. ಮುಂದಿನ ಕಾರ್ಯ ಇನ್ನೊಬ್ಬರದು. ರೋಗಿಯ ಮುಖವನ್ನು ಅವನು ಕಾಣುತ್ತಿದ್ದುದು ವಿರಳ.

ಈ ಗಡಿಯನ್ನು ದಾಟಲು ಬೇಕಾದ ಸಾಧನಗಳು ಒಂದೊಂದಾಗಿ ಬಂದವು. ೧೯೨೯ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ವೆರ್ನರ್ ಫೋರ್ಸ್‌ಮಾನ್ ಎಂಬ ತರುಣ ವೈದ್ಯನು ತನ್ನ ತೋಳಿನ ಸಿರೆಯೊಳಗೆ ತಾನೇ ಕೊಳವೆಯನ್ನು ತೂರಿಸಿ ಹೃದಯದವರೆಗೆ ಒಯ್ದು, ಕ್ಷಕಿರಣದ ಚಿತ್ರವನ್ನು ತೆಗೆಸಿಕೊಂಡನು. ಹುಚ್ಚು ಸಾಹಸವೆನಿಸಿದ್ದ ಅದಕ್ಕೆ ೧೯೫೬ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ೧೯೫೩ರಲ್ಲಿ ಸ್ವೀಡನ್ನಿನ ಸ್ವೆನ್-ಐವರ್ ಸೆಲ್ಡಿಂಗರ್ ಇನ್ನೂ ಸುಲಭವಾದ ಹಾದಿಯನ್ನು ತೋರಿಸಿದನು. ಸೂಜಿಯಿಂದ ಧಮನಿಯನ್ನು ಚುಚ್ಚುವುದು. ಸೂಜಿಯೊಳಗಿಂದ ಮೆತ್ತನೆಯ ತಂತಿಯನ್ನು ಬಿಡುವುದು. ಸೂಜಿಯನ್ನು ತೆಗೆದು ತಂತಿಯನ್ನು ಮಾತ್ರ ಉಳಿಸುವುದು. ಆ ತಂತಿಯ ಮೇಲೆ ಕೊಳವೆಯನ್ನು ಜಾರಿಸುವುದು. ಇಷ್ಟೇ ಅದರ ಕ್ರಮ. ಇಂದಿಗೂ ಈ ಶಾಸ್ತ್ರದ ವಿದ್ಯಾರ್ಥಿಯ ಓನಾಮ ಇಲ್ಲಿಂದಲೇ ಆರಂಭವಾಗುತ್ತದೆ.

ನೋಡುವವನು ಮಾಡುವವನಾದದ್ದು ೧೯೬೪ರ ಜನವರಿ ೧೬ರಂದು. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ೮೨ ವರ್ಷದ ವೃದ್ಧೆಯೊಬ್ಬಳ ಪಾದ ರಕ್ತವಿಲ್ಲದೆ ಕೊಳೆಯತೊಡಗಿತ್ತು. ಕಾಲನ್ನು ಕತ್ತರಿಸಬೇಕೆಂದರು, ಆಕೆ ಒಪ್ಪಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ಕ್ಷಕಿರಣತಜ್ಞನು ತೊಡೆಯ ಧಮನಿಯ ಇಕ್ಕಟ್ಟಾದ ಭಾಗದಲ್ಲಿ ತಂತಿಯನ್ನು ದಾಟಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನಾದ ಕೊಳವೆಗಳನ್ನು ತೂರಿಸಿ ದಾರಿಯನ್ನು ಅಗಲಮಾಡಿದನು. ಪಾದ ಬೆಚ್ಚಗಾಯಿತು. ಆಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ತನ್ನ ಎರಡು ಕಾಲುಗಳ ಮೇಲೆಯೇ ಓಡಾಡಿದಳು. ಶಸ್ತ್ರವೈದ್ಯರಿಗೆ ಇದು ರುಚಿಸಲಿಲ್ಲವೆಂಬುದಕ್ಕೆ ಒಂದು ಸಂಗತಿ ಪ್ರಸಿದ್ಧವಾಗಿದೆ. ಡಾಟರನ ಬಳಿಗೆ ಚಿತ್ರಕ್ಕಾಗಿ ರೋಗಿಯನ್ನು ಕಳಿಸಿದ ಶಸ್ತ್ರವೈದ್ಯರೊಬ್ಬರು, ಚಿತ್ರವನ್ನು ತೆಗೆಯಬೇಕು, ಸರಿಪಡಿಸಲು ಹೋಗಕೂಡದು ಎಂದು ಚೀಟಿಯಲ್ಲಿ ಎಚ್ಚರಿಕೆ ಬರೆದಿದ್ದರಂತೆ.

ಡಾಟರನು ತನ್ನ ಸಹೋದ್ಯೋಗಿಗಳಿಗೂ ಒಂದು ಎಚ್ಚರಿಕೆಯನ್ನು ಕೊಟ್ಟನು. ರೋಗಿಯ ಪೂರ್ಣ ಹೊಣೆಯನ್ನು ಹೊರಲು ಸಿದ್ಧರಿಲ್ಲದಿದ್ದರೆ ಕ್ಷಕಿರಣತಜ್ಞರು ಹೆಚ್ಚು ಕೂಲಿಯ ನಳ ರಿಪೇರಿಯವರಾಗಿ ಉಳಿಯುವರು, ಅವರ ವಿದ್ಯೆಯನ್ನು ಬೇರೆಯವರು ಕಲಿತು ಕೊಂಡೊಯ್ಯುವರು ಎಂಬುದು ಅದರ ತಾತ್ಪರ್ಯ. ಆ ಮಾತು ಬಹುಮಟ್ಟಿಗೆ ನಿಜವಾಯಿತು. ೧೯೭೭ರಲ್ಲಿ ಜೂರಿಚ್ ನಗರದಲ್ಲಿ ಗ್ರುಂಟ್‌ಸಿಗ್ ಎಂಬವನು ಹೃದಯದ ಧಮನಿಯನ್ನು ಬಲೂನಿನಿಂದ ಅಗಲಿಸಿದ ಮೇಲೆ ಆ ಚಿಕಿತ್ಸೆ ಹೃದಯತಜ್ಞರ ಪಾಲಾಯಿತು. ಅವರಿಗೆ ಹಾಸಿಗೆಯ ಬದಿಯಲ್ಲಿ ನಿಂತು ರೋಗಿಯನ್ನು ನೋಡಿಕೊಳ್ಳುವ ಅಭ್ಯಾಸ ಮೊದಲೇ ಇದ್ದಿತು. ಕತ್ತಲೆಯ ಕೋಣೆಯಲ್ಲಿ ಬೆಳೆದವನನ್ನು ಹಾಸಿಗೆಯ ಬದಿಗೆ ತರುವುದೇ ಈ ಶಾಖೆಯ ಶಿಕ್ಷಣದ ಮೊದಲ ಸಮಸ್ಯೆ.

೩

ಮುಂದುವರಿಯುವ ಮುನ್ನ ಹೆಸರಿನ ವಿಚಾರವನ್ನು ಎತ್ತಿಕೊಳ್ಳುವುದು ಯುಕ್ತ. ಇಂಗ್ಲಿಷಿನ ಹೆಸರನ್ನು ೧೯೬೭ರಲ್ಲಿ ಅಲೆಕ್ಸಾಂಡರ್ ಮಾರ್ಗುಲಿಸ್ ಎಂಬ ಕ್ಷಕಿರಣತಜ್ಞನು ಬಳಕೆಗೆ ತಂದನು. ಅದನ್ನು ಅಕ್ಷರಶಃ ಕನ್ನಡಿಸಹೋದರೆ ದೊರೆಯುವ ಶಬ್ದ 'ಹಸ್ತಕ್ಷೇಪ'. ಶಬ್ದಾರ್ಥದಲ್ಲಿ ಅದು ತಕ್ಕದ್ದೇ. ಕೈಯಿಕ್ಕುವುದೇ ಇಲ್ಲಿಯ ಕಾರ್ಯ. ಆದರೆ ಕನ್ನಡದ ರೂಢಿಯಲ್ಲಿ ಹಸ್ತಕ್ಷೇಪವೆಂದರೆ ಬೇಡದ ಕಡೆ ತಲೆಹಾಕುವುದು. ಪರರ ವಿಷಯದಲ್ಲಿ ಹಸ್ತಕ್ಷೇಪ ಮಾಡಬಾರದೆಂದು ಹೇಳುವ ಜನರಿಗೆ ಹಸ್ತಕ್ಷೇಪದ ವೈದ್ಯನನ್ನು ನಂಬಿರೆಂದು ಹೇಳುವುದು ಹೇಗೆ? 'ವಿಕಿರಣ ಚಿಕಿತ್ಸೆ' ಎಂದರೂ ದೋಷ ತಪ್ಪದು. ಕ್ಯಾನ್ಸರಿನ ಗಡ್ಡೆಯನ್ನು ಕಿರಣಗಳಿಂದ ಸುಡುವ ಚಿಕಿತ್ಸೆಗೆ ಆ ಹೆಸರು ಸಂದುಹೋಗಿದೆ. ಇಲ್ಲಿ ಕಿರಣವು ದಾರಿಯನ್ನು ತೋರಿಸುವ ದೀಪ ಮಾತ್ರ, ಅದೇ ಔಷಧವಲ್ಲ. ಬಿಂಬವನ್ನು ನೋಡುತ್ತ ಅದರ ನಿರ್ದೇಶನದಂತೆ ಮಾಡುವ ಚಿಕಿತ್ಸೆಯಾದ ಕಾರಣ 'ಬಿಂಬನಿರ್ದೇಶಿತ ಚಿಕಿತ್ಸೆ' ಎಂದು ಕರೆದರೆ ಅರ್ಥವೂ ಸ್ಪಷ್ಟ, ಭ್ರಾಂತಿಗೂ ಎಡೆಯಿಲ್ಲ. ಈ ಲೇಖನದಲ್ಲಿ ಮುಂದೆ ಆ ಹೆಸರನ್ನೇ ಬಳಸಿದೆ.

೪

ಭಾರತದಲ್ಲಿ ಈ ಶಿಕ್ಷಣದ ಮೆಟ್ಟಿಲುಗಳು ಹೀಗಿವೆ. ಎಂ.ಬಿ.ಬಿ.ಎಸ್. ಪದವಿಗೆ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಬಳಿಕ ಅಖಿಲ ಭಾರತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ರೇಡಿಯೋಡಯಗ್ನೋಸಿಸ್ ವಿಷಯದಲ್ಲಿ ಮೂರು ವರ್ಷದ ಎಂ.ಡಿ. ಅಥವಾ ಡಿ.ಎನ್.ಬಿ. ಆ ಮೇಲೆ ಇನ್ನೊಂದು ಪ್ರವೇಶ ಪರೀಕ್ಷೆ, ಮತ್ತೆ ಮೂರು ವರ್ಷದ ಡಿ.ಎಂ. ಅಥವಾ ರಾಷ್ಟ್ರೀಯ ಪರೀಕ್ಷಾ ಮಂಡಲಿಯ ಡಿ.ಆರ್.ಎನ್.ಬಿ. ಒಟ್ಟು ಹನ್ನೊಂದೂವರೆ ವರ್ಷ. ಎಲ್ಲಿಯೂ ಒಂದು ವರ್ಷವೂ ಹಾಳಾಗದೆ ಓದಿದವನು ಹದಿನೆಂಟರಲ್ಲಿ ಹೊರಟರೆ ಮೂವತ್ತರ ಹೊತ್ತಿಗೆ ಗುರಿಯನ್ನು ಮುಟ್ಟುವನು.

ಸಿಕಂದರಾಬಾದಿನಲ್ಲಿ ನಡುವಣ ಮೆಟ್ಟಿಲಿನ ಹಳೆಯ ನೆಲೆಗಳಲ್ಲೊಂದು ಗಾಂಧಿ ವೈದ್ಯಕೀಯ ಕಾಲೇಜು. ೧೯೫೪ರಲ್ಲಿ ಆರಂಭವಾದ ಈ ಕಾಲೇಜಿನ ಆಸ್ಪತ್ರೆ ಬಹುಕಾಲ ಸಿಕಂದರಾಬಾದಿನ ರೈಲ್ವೆ ನಿಲ್ದಾಣದ ಬಳಿಯಲ್ಲಿದ್ದು, ೨೦೦೩ರಲ್ಲಿ ಮುಶೀರಾಬಾದಿನ ಹೊಸ ಆವರಣಕ್ಕೆ ಹೋಯಿತು. ಕೊನೆಯ ಮೆಟ್ಟಿಲಿಗೆ ದಕ್ಷಿಣದಲ್ಲಿ ಹೆಸರಾದ ಎರಡು ಸಂಸ್ಥೆಗಳುಂಟು: ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್. ೧೯೭೪ರಲ್ಲಿ ಮೈಸೂರು ರಾಜ್ಯದ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ ಹುಟ್ಟಿದ ನಿಮ್ಹಾನ್ಸಿನಲ್ಲಿ, ಮೆದುಳಿನ ಬಿಂಬವಿಜ್ಞಾನ ಮತ್ತು ಬಿಂಬನಿರ್ದೇಶಿತ ಚಿಕಿತ್ಸೆಗೆಂದು ಒಂದು ಪ್ರತ್ಯೇಕ ವಿಭಾಗವೇ ಇದೆ. ಎಂ.ಡಿ. ಮುಗಿಸಿದವರು ಅಲ್ಲಿ ಮೂರು ವರ್ಷವಿದ್ದು ಡಿ.ಎಂ. ಪದವಿಯನ್ನು ಪಡೆಯುತ್ತಾರೆ.

ಅಮೆರಿಕದಲ್ಲಿ ಕ್ರಮ ಬೇರೆಯಾಗಿದೆ. ಅಲ್ಲಿ ೨೦೧೨ರಲ್ಲಿ ಈ ಶಾಖೆಗೆ ಸ್ವತಂತ್ರ ಪ್ರಮಾಣಪತ್ರದ ಮನ್ನಣೆ ದೊರೆತು, ಅನಂತರ ಆರು ವರ್ಷದ ಒಂದೇ ನಿವಾಸಿ ಶಿಕ್ಷಣ ರೂಪುಗೊಂಡಿತು: ಒಂದು ವರ್ಷ ಸಾಮಾನ್ಯ ಚಿಕಿತ್ಸೆ ಅಥವಾ ಶಸ್ತ್ರವಿದ್ಯೆ, ಮೂರು ವರ್ಷ ಬಿಂಬಗಳನ್ನು ಓದುವ ವಿದ್ಯೆ, ಎರಡು ವರ್ಷ ಚಿಕಿತ್ಸೆ. ಆರಂಭದಲ್ಲಿಯೇ ಒಂದು ವರ್ಷವನ್ನು ವಾರ್ಡಿನಲ್ಲಿ ಕಳೆಯಬೇಕೆಂಬುದು ಗಮನಾರ್ಹ. ಭಾರತದ ಕ್ರಮದಲ್ಲಾದರೋ ಇಂಟರ್ನ್‌ಶಿಪ್ ಮುಗಿದ ಮೇಲೆ ಎಂ.ಡಿ.ಯ ಮೂರು ವರ್ಷ ವಿದ್ಯಾರ್ಥಿಯು ಹೆಚ್ಚಾಗಿ ಯಂತ್ರಗಳ ನಡುವೆ ಇರುತ್ತಾನೆ. ಅವನ ವಾರ್ಡಿನ ಅಭ್ಯಾಸ ಮಸುಕಾಗುವ ಹೊತ್ತಿನಲ್ಲಿಯೇ ಅವನಿಂದ ವಾರ್ಡಿನ ವೈದ್ಯನ ಹೊಣೆಯನ್ನು ನಿರೀಕ್ಷಿಸಲಾಗುತ್ತದೆ. ಡಾಟರನ ಎಚ್ಚರಿಕೆ ಭಾರತಕ್ಕೆ ತಟ್ಟುವುದು ಈ ಸ್ಥಳದಲ್ಲಿ.

೫

ನಿವಾಸಿಯ ಕೈ ಪಳಗುವುದು ಮೆಟ್ಟಿಲುಮೆಟ್ಟಿಲಾಗಿ. ಮೊದಲು ನಿಂತು ನೋಡುವುದು, ಬಳಿಕ ಸಹಾಯ ಮಾಡುವುದು, ಅನಂತರ ಗುರುವಿನ ಕಣ್ಣೆದುರಿನಲ್ಲಿ ತಾನೇ ಮಾಡುವುದು, ಕೊನೆಗೆ ಸ್ವತಂತ್ರವಾಗಿ ಮಾಡುವುದು. ಪ್ರತಿಯೊಂದು ಪ್ರಕರಣವನ್ನೂ ಅವನು ಲಾಗ್‌ಬುಕ್ಕಿನಲ್ಲಿ ಬರೆದಿಡಬೇಕು. ಅಲ್ಟ್ರಾಸೌಂಡನ್ನು ನೋಡುತ್ತ ಹೊಟ್ಟೆಯ ನೀರನ್ನು ತೆಗೆಯುವುದು, ಯಕೃತ್ತಿನ ಬಾವಿನಿಂದ ಕೀವು ಹರಿಸುವುದು, ಗಡ್ಡೆಯ ಚೂರನ್ನು ಪರೀಕ್ಷೆಗೆ ತೆಗೆಯುವುದು, ಇವು ಮೊದಲ ಪಾಠಗಳು. ಕಾಮಾಲೆಯಲ್ಲಿ ಕಟ್ಟಿನಿಂತ ಪಿತ್ತಕ್ಕೂ, ಕಲ್ಲಿನಿಂದ ತಡೆಯಾದ ಮೂತ್ರಕ್ಕೂ ಹೊರದಾರಿ ಮಾಡುವುದು ಮುಂದಿನ ಪಾಠ. ಧಮನಿಗಳೊಳಗಿನ ಸಂಚಾರ ಅದಕ್ಕೂ ಮುಂದಿನದು. ಮೆದುಳಿನ ರಕ್ತನಾಳಗಳ ಕೆಲಸಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ತೊಡೆಯ ಧಮನಿಯನ್ನು ಚುಚ್ಚುವ ಒಂದು ಸಾಮಾನ್ಯ ಕ್ರಿಯೆಯನ್ನೇ ನೋಡಿದರೆ ಪಾಠದ ಸ್ವರೂಪ ತಿಳಿದೀತು. ಎಲ್ಲಿ ನಾಡಿ ಮಿಡಿಯುತ್ತದೆಯೋ ಅಲ್ಲೆಲ್ಲ ಚುಚ್ಚಲಾಗದು. ತೊಡೆಯ ಮೂಳೆಯ ಗುಂಡುತಲೆಯ ಮೇಲೆ ಧಮನಿ ಹಾದುಹೋಗುವ ಸ್ಥಳವೇ ಯೋಗ್ಯವಾದುದು. ಏಕೆಂದರೆ ಕೆಲಸ ಮುಗಿದು ಕೊಳವೆಯನ್ನು ಹೊರತೆಗೆದ ಮೇಲೆ, ರಕ್ತ ನಿಲ್ಲಲು ಧಮನಿಯನ್ನು ಬೆರಳುಗಳಿಂದ ಆ ಮೂಳೆಗೆ ಒತ್ತಿ ಹಿಡಿಯಬೇಕಾಗುತ್ತದೆ. ತೀರ ಮೇಲೆ ಚುಚ್ಚಿದರೆ ಒತ್ತಲು ಹಿಂದೆ ಮೂಳೆಯಿಲ್ಲ. ರಕ್ತವು ಹೊರಗೆ ಕಾಣದೆ ಹೊಟ್ಟೆಯ ಹಿಂಭಾಗದಲ್ಲಿ ಮಡುಗಟ್ಟುತ್ತದೆ, ರೋಗಿ ಬಿಳಿಚಿಕೊಂಡಾಗಲೇ ತಿಳಿಯುತ್ತದೆ. ಹೀಗೆ ಮೊದಲ ಚುಚ್ಚಿನಲ್ಲಿಯೇ ಕೊನೆಯ ಕ್ಷಣದ ವಿಚಾರ ಅಡಗಿದೆ. ಹದಿನೈದು, ಇಪ್ಪತ್ತು ನಿಮಿಷ ಹಾಗೆ ಒತ್ತಿ ಹಿಡಿದು ನಿಲ್ಲುವ ಕೆಲಸ ಸಾಮಾನ್ಯವಾಗಿ ಕಿರಿಯ ನಿವಾಸಿಯದೇ. ಅದು ಬೇಸರದ ಚಾಕರಿಯಂತೆ ತೋರಿದರೂ ನಿರರ್ಥಕವಲ್ಲ. ಆ ಹೊತ್ತಿನಲ್ಲಿ ರೋಗಿ ಎಚ್ಚರವಾಗಿರುವನು; ಅವನ ಊರು, ಮನೆ, ಭಯಗಳು ವೈದ್ಯನಿಗೆ ತಿಳಿದುಬರುವುದು ಆಗಲೇ.

ನಿವಾಸಿಯ ಸ್ವಂತ ದೇಹಕ್ಕೂ ಇಲ್ಲಿ ಅಪಾಯವುಂಟು. ಕ್ಷಕಿರಣಗಳೊಡನೆ ಕೆಲಸ ಮಾಡಿ ಪ್ರಾಣ ತೆತ್ತ ಮೊದಲ ತಲೆಮಾರಿನವರ ಸ್ಮಾರಕವೊಂದು ಜರ್ಮನಿಯ ಹ್ಯಾಂಬರ್ಗಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ೧೯೩೬ರಿಂದ ನಿಂತಿದೆ. ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯು ವಿಧಿಸಿರುವ ಮಿತಿ, ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ೨೦ ಮಿಲಿಸೀವರ್ಟ್. ಯಾವ ಒಂದು ವರ್ಷದಲ್ಲಿಯೂ ೩೦ನ್ನು ಮೀರಕೂಡದು. ಸೀಸದ ಅಂಗಿಯನ್ನು ತೊಡುವುದು, ಕಿರಣವನ್ನು ಅಳೆಯುವ ಬಿಲ್ಲೆಯನ್ನು ಎದೆಯ ಮೇಲೆ ಧರಿಸುವುದು, ಅಗತ್ಯವಿಲ್ಲದಾಗ ಪೆಡಲಿನಿಂದ ಕಾಲು ತೆಗೆಯುವುದು, ಚಿತ್ರ ತೆಗೆಯುವ ಹೊತ್ತಿನಲ್ಲಿ ಒಂದೆರಡು ಹೆಜ್ಜೆ ಹಿಂದಕ್ಕೆ ಸರಿಯುವುದು, ಇವೆಲ್ಲ ಪಾಠದ ಭಾಗವೇ. ಕಿರಣದ ಮೂಲದಿಂದ ಇರುವ ದೂರ ಎರಡರಷ್ಟಾದರೆ ತಗಲುವ ಕಿರಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಿವಾಸಿಗೆ ತಗಲುವ ಕಿರಣದ ಬಹುಭಾಗ ರೋಗಿಯ ಮೈಯಿಂದ ಚದರಿ ಬಂದುದು. ಆದ್ದರಿಂದ ರೋಗಿಗೆ ಕಿರಣವನ್ನು ಮಿತವಾಗಿ ಕೊಡುವವನು ತನ್ನನ್ನೂ ಕಾಪಾಡಿಕೊಳ್ಳುತ್ತಾನೆ.

೬

ಕೈಗೆ ಮಾಡುವುದನ್ನು ಕಲಿಸುವುದಕ್ಕಿಂತ ಮಾಡದೆ ನಿಲ್ಲುವುದನ್ನು ಕಲಿಸುವುದು ಕಠಿಣ. ಇದಕ್ಕೆ ಕ್ಷಯರೋಗದ ಒಂದು ಉದಾಹರಣೆ ಸಾಕು. ಕ್ಷಯದಿಂದ ಜರ್ಜರಿತವಾದ ಶ್ವಾಸಕೋಶದಲ್ಲಿ ಶ್ವಾಸನಾಳದ ಧಮನಿಗಳು ಉಬ್ಬಿ ಸೊಟ್ಟಾಗಿ, ಒಂದು ದಿನ ಒಡೆದು, ರೋಗಿ ಬಟ್ಟಲು ತುಂಬ ರಕ್ತವನ್ನು ಕೆಮ್ಮತೊಡಗುತ್ತಾನೆ. ಆಗ ಬಿಂಬನಿರ್ದೇಶಿತ ಚಿಕಿತ್ಸೆ ಪ್ರಾಣದಾಯಿ. ತೊಡೆಯಿಂದ ಕೊಳವೆಯನ್ನು ಎದೆಯ ಮಹಾಧಮನಿಯವರೆಗೆ ಒಯ್ದು, ಒಡೆದ ಧಮನಿಯ ಬಾಯಿಯನ್ನು ಹುಡುಕಿ, ಮರಳಿನಂತಹ ನುಣ್ಣನೆಯ ಕಣಗಳನ್ನು ಬಿಟ್ಟು ರಕ್ತವನ್ನು ನಿಲ್ಲಿಸಬಹುದು. ಆದರೆ ಕೆಲವರಲ್ಲಿ ಅದೇ ಧಮನಿಯ ಬುಡದಿಂದ ಬೆನ್ನುಹುರಿಗೆ ರಕ್ತ ಒಯ್ಯುವ ಕೂದಲೆಳೆಯಂಥ ಕವಲೊಂದು ಹೊರಡುತ್ತದೆ. ಚಿತ್ರದಲ್ಲಿ ಅದು ತಲೆಪಿನ್ನಿನಂತೆ ಮೇಲೆ ಹೋಗಿ ಬಾಗಿ ಕೆಳಗಿಳಿಯುವ ಗೆರೆಯಾಗಿ ಕಾಣುತ್ತದೆ. ಅದನ್ನು ಗಮನಿಸದೆ ಕಣಗಳನ್ನು ಬಿಟ್ಟರೆ ರಕ್ತವೇನೋ ನಿಲ್ಲುವುದು. ರೋಗಿಯ ಎರಡು ಕಾಲುಗಳೂ ಬಿದ್ದುಹೋಗಬಹುದು. ಕವಲು ಕಂಡಲ್ಲಿ ಇನ್ನೂ ಸಣ್ಣ ಕೊಳವೆಯನ್ನು ಅದರಾಚೆಗೆ ಒಯ್ಯಬೇಕು; ಒಯ್ಯಲಾಗದಿದ್ದರೆ ಕೈಯನ್ನು ಹಿಂದೆಗೆಯಬೇಕು. ಮೇಜಿನ ಮೇಲೆ ರೋಗಿ ರಕ್ತ ಕೆಮ್ಮುತ್ತಿರುವಾಗ, ಸುತ್ತ ನಿಂತವರು ಅವಸರಪಡಿಸುತ್ತಿರುವಾಗ, ಆ ಒಂದು ಗೆರೆಗಾಗಿ ಚಿತ್ರವನ್ನು ಮತ್ತೊಮ್ಮೆ ನೋಡುವ ತಾಳ್ಮೆ ಪುಸ್ತಕದಿಂದ ಬರತಕ್ಕದ್ದಲ್ಲ. ಎಂ.ಡಿ.ಯ ಮೂರು ವರ್ಷ ಕತ್ತಲೆಯ ಕೋಣೆಯಲ್ಲಿ ಸಾವಿರಾರು ಚಿತ್ರಗಳನ್ನು ಓದಿದ ಅಭ್ಯಾಸ ಫಲ ಕೊಡುವುದು ಇಲ್ಲಿ.

ಗುರು ಕಲಿಸಿದ ನಿಯಮವೂ ಪರೀಕ್ಷೆಗೆ ಒಳಗಾಗತಕ್ಕದ್ದೆಂಬುದಕ್ಕೆ ಹೈದರಾಬಾದಿನ ಚರಿತ್ರೆಯಲ್ಲಿಯೇ ಸಾಕ್ಷ್ಯವುಂಟು. ಇಲ್ಲಿಯ ವೈದ್ಯಕೀಯ ಶಾಲೆಯ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಲಾರಿ, ಕ್ಲೋರೋಫಾರಂ ಕೊಡುವಾಗ ರೋಗಿಯ ಉಸಿರಾಟವನ್ನು ಮಾತ್ರ ಗಮನಿಸಿದರೆ ಸಾಕು, ನಾಡಿಯನ್ನು ನೋಡಬೇಕಾದುದಿಲ್ಲವೆಂದು ವಿದ್ಯಾರ್ಥಿಗಳಿಗೆ ಬೋಧಿಸುತ್ತಿದ್ದನು. ೧೮೮೮ ಮತ್ತು ೧೮೮೯ರಲ್ಲಿ ನಿಜಾಮ ಸರಕಾರದ ಧನಸಹಾಯದಿಂದ ನಡೆದ ಎರಡು ಕ್ಲೋರೋಫಾರಂ ಆಯೋಗಗಳು ಪ್ರಾಣಿಗಳ ಮೇಲೆ ನೂರಾರು ಪ್ರಯೋಗಗಳನ್ನು ಮಾಡಿ ಅವನ ಮತವನ್ನೇ ಎತ್ತಿಹಿಡಿದವು. ಎಚ್ಚರಿಕೆಯಿಂದ ಉಸಿರನ್ನು ನೋಡುವ ಅಭ್ಯಾಸ ಅವನ ಶಿಷ್ಯರಿಗೆ ಲಾಭಕರವೇ ಆಗಿದ್ದಿತು. ಆದರೂ ೧೯೧೧ರಲ್ಲಿ ಗುಡ್‌ಮನ್ ಲೆವಿ ಎಂಬವನು, ಕ್ಲೋರೋಫಾರಮಿನಿಂದ ಹೃದಯವು ಒಮ್ಮೆಲೇ ಕಂಪಿಸಿ ನಿಲ್ಲಬಹುದೆಂದು ತೋರಿಸಿಕೊಟ್ಟನು. ಪ್ರಾಮಾಣಿಕವಾಗಿ ಪರೀಕ್ಷಿಸಿದ ನಿಯಮವೂ ಅರ್ಧಸತ್ಯವಾಗಿದ್ದಿತು. ಈ ಕಾರಣದಿಂದಲೇ ಇಂದಿನ ನಿವಾಸಿ ಶಿಕ್ಷಣದಲ್ಲಿ, ಕೆಟ್ಟ ಪರಿಣಾಮವಾದ ಪ್ರಕರಣಗಳನ್ನು ಎಲ್ಲರೂ ಕೂಡಿ ಚರ್ಚಿಸುವ ಸಭೆಗೆ ಮಹತ್ವವಿದೆ. ಯಶಸ್ಸಿನ ಪಟ್ಟಿಯಿಂದ ಕಲಿಯುವುದಕ್ಕಿಂತ ಹೆಚ್ಚನ್ನು ಕಿರಿಯನು ಅಲ್ಲಿ ಕಲಿಯುತ್ತಾನೆ, ಹಿರಿಯನು ತನ್ನ ತಪ್ಪನ್ನು ಅಲ್ಲಿ ಬಾಯಿಬಿಟ್ಟು ಹೇಳುವನಾದರೆ.

೭

ಶಿಕ್ಷಣದ ಇನ್ನೊಂದು ಅಂಗ ರೋಗಿಯ ಸಮ್ಮತಿ. ಶಸ್ತ್ರಚಿಕಿತ್ಸೆಯೆಂದರೆ ಜನರಿಗೆ ಅದರ ಗಾಂಭೀರ್ಯ ತಾನಾಗಿ ತಿಳಿಯುತ್ತದೆ. ಮನೆಮಂದಿ ಕೂಡಿ ಯೋಚಿಸುತ್ತಾರೆ, ದೂರದ ನೆಂಟರನ್ನು ಕರೆಸುತ್ತಾರೆ. ಬಿಂಬನಿರ್ದೇಶಿತ ಚಿಕಿತ್ಸೆಯಲ್ಲಿ ಗಾಯವು ಸೂಜಿಯ ಮೊನೆಯಷ್ಟು. 'ಆಪರೇಷನ್ ಏನೂ ಇಲ್ಲ, ಒಂದು ಸಣ್ಣ ತೂತು' ಎಂಬ ಮಾತನ್ನು ಕೇಳಿದವನು ಹಗುರವಾಗಿ ಸಹಿ ಹಾಕುತ್ತಾನೆ. ಗಾಯ ಸಣ್ಣದೆಂದ ಮಾತ್ರಕ್ಕೆ ಅಪಾಯ ಸಣ್ಣದಲ್ಲವೆಂಬುದನ್ನು ಮೇಲಿನ ಬೆನ್ನುಹುರಿಯ ಉದಾಹರಣೆಯೇ ಹೇಳುತ್ತದೆ.

ಮೇಲಾಗಿ ಇಲ್ಲಿ ಪರೀಕ್ಷೆಗೂ ಚಿಕಿತ್ಸೆಗೂ ನಡುವಣ ಗೆರೆ ಬಹಳ ತೆಳುವಾದುದು. ಚಿತ್ರಕ್ಕಾಗಿ ಒಳಹೊಕ್ಕ ಕೊಳವೆಯಿಂದಲೇ ಮರುಗಳಿಗೆಯಲ್ಲಿ ಚಿಕಿತ್ಸೆಯನ್ನೂ ಮಾಡಬಹುದು. ೨೦೦೮ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಒಂದು ಮೊಕದ್ದಮೆಯ ತೀರ್ಪಿನಲ್ಲಿ, ರೋಗಪರೀಕ್ಷೆಗೆ ಕೊಟ್ಟ ಸಮ್ಮತಿಯನ್ನು ಚಿಕಿತ್ಸೆಯ ಸಮ್ಮತಿಯೆಂದು ಭಾವಿಸಲಾಗದು, ಪ್ರಾಣಾಪಾಯದ ಸಂದರ್ಭ ಮಾತ್ರ ಇದಕ್ಕೆ ಅಪವಾದವೆಂದು ವಿಧಿಸಿತು. ಆ ಮೊಕದ್ದಮೆ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದುದಾದರೂ, ಅದರ ತತ್ವ ಈ ಶಾಖೆಗೆ ಅನ್ವಯಿಸುವಷ್ಟು ಬಿಗಿಯಾಗಿ ಬೇರೆಲ್ಲಿಯೂ ಅನ್ವಯಿಸದು. ಮೇಜಿನ ಮೇಲೆ ಮಲಗುವ ಮೊದಲೇ ಎರಡನ್ನೂ ವಿವರಿಸಿ ಹೇಳುವುದು ನಿವಾಸಿಯ ಕರ್ತವ್ಯ.

ವಿವರಿಸುವುದು ಯಾವ ಭಾಷೆಯಲ್ಲಿ? ಸಿಕಂದರಾಬಾದಿನ ಆಸ್ಪತ್ರೆಗಳಲ್ಲಿ ತೆಲುಗು, ಉರ್ದು, ಹಿಂದಿ, ಇಂಗ್ಲಿಷುಗಳು ನಡೆಯುತ್ತವೆ. ಬೀದರ, ಕಲಬುರಗಿಗಳ ಜನರಲ್ಲಿ ಅನೇಕರಿಗೆ ದಖ್ಖನಿ ಉರ್ದುವಿನ ಪರಿಚಯ ಉಂಟು. ಪೇಟೆಯ ವ್ಯವಹಾರಕ್ಕೆ ಅದು ಸಾಕಾಗುತ್ತದೆ. ಆದರೆ ಒಂದು ಶಬ್ದದ ಗೊಂದಲ ಇಲ್ಲಿ ವಿಚಾರಾರ್ಹವಾಗಿದೆ. ಕನ್ನಡದ ಆಡುಮಾತಿನಲ್ಲಿ 'ನರ' ಎಂಬ ಒಂದೇ ಶಬ್ದ ರಕ್ತನಾಳಕ್ಕೂ, ಮೆದುಳಿನಿಂದ ಹೊರಡುವ ತಂತುವಿಗೂ ಸಲ್ಲುತ್ತದೆ. ಉರ್ದು, ಹಿಂದಿಗಳ 'ನಸ್' ಎಂಬುದರ ಗತಿಯೂ ಅದೇ. 'ನರದೊಳಗೆ ತಂತಿ ಹಾಕುತ್ತೇವೆ' ಎಂದು ವೈದ್ಯನು ರಕ್ತನಾಳವನ್ನು ಕುರಿತು ಹೇಳಿದರೆ, ಕೇಳಿದವನು ಲಕ್ವ ಹೊಡೆದೀತೆಂದು ಹೆದರಿ ಎದ್ದು ಹೋಗಬಹುದು. ನಿಜವಾಗಿಯೂ ಕಾಲು ಬೀಳುವ ಅಪಾಯವಿರುವ ಚಿಕಿತ್ಸೆಯಲ್ಲಿ 'ನರಕ್ಕೆ ತೊಂದರೆಯಾಗಬಹುದು' ಎಂದರೆ, ಅದು ಸೂಜಿ ಚುಚ್ಚಿದ ಕಡೆ ಆಗುವ ನೋವೆಂದು ತಿಳಿದು ಒಪ್ಪಿಬಿಡಬಹುದು. ಎರಡು ಕಡೆಯೂ ಸಹಿ ಉಂಟು ಅಥವಾ ಇಲ್ಲ. ತಿಳಿವಳಿಕೆ ಮಾತ್ರ ಎಲ್ಲಿಯೂ ಇಲ್ಲ.

ಇದಕ್ಕೆ ಪಾರಿಭಾಷಿಕ ಶಬ್ದಕೋಶದಲ್ಲಿ 'ಧಮನಿ', 'ಸಿರೆ', 'ನರತಂತು' ಎಂದು ಅಚ್ಚುಹಾಕಿದರೆ ಪರಿಹಾರವಾಗದು. ರೋಗಿಗೆ ಅವು ಪರಕೀಯ. 'ರಕ್ತ ಹರಿಯುವ ನಾಳ', 'ಕೈಕಾಲು ಆಡಿಸುವ ನರ' ಎಂದು ಎರಡನ್ನೂ ಬೇರೆ ಮಾಡಿ ಹೇಳಿದರೆ ಓದು ಬಾರದವನಿಗೂ ತಿಳಿಯುತ್ತದೆ. 'ಕಾಲು ಬೀಳುವ ಸಂಭವ ಅಪರೂಪವಾಗಿ ಉಂಟು' ಎಂದು ಬಿಚ್ಚಿ ಹೇಳುವುದಕ್ಕೆ ಪದದ ಕೊರತೆಯಿಲ್ಲ, ಧೈರ್ಯ ಬೇಕು. ಈ ಮಾತುಗಾರಿಕೆ ತಂತಿಯನ್ನು ನಡೆಸುವ ಕೌಶಲದಷ್ಟೇ ಶಿಕ್ಷಣಕ್ಕೆ ಅರ್ಹವಾದುದು. ಹೇಳಿದ್ದನ್ನು ರೋಗಿಯ ಬಾಯಿಂದ ಮರಳಿ ಹೇಳಿಸಿ ಕೇಳುವುದು ಅದರ ಸರಳ ಪರೀಕ್ಷೆ.

೮

ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಹಾದಿ ೧೮೭೪ರಲ್ಲಿ ತೆರೆಯಿತು. ೧೯೫೬ರ ನವೆಂಬರ್ ೧ರಂದು ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದ್ ರಾಜ್ಯವನ್ನು ಬಿಟ್ಟು ಕನ್ನಡನಾಡನ್ನು ಸೇರಿದವು. ರಾಜಧಾನಿ ಬದಲಾಯಿತು, ರೋಗಿ ಬರುವ ದಾರಿ ಬದಲಾಗಲಿಲ್ಲ. ಆ ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜುಗಳು ಇಲ್ಲದಿಲ್ಲ. ಕಲಬುರಗಿಯಲ್ಲಿ ೧೯೬೩ರಿಂದ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು ನಡೆದುಬಂದಿದೆ. ಬೀದರ, ರಾಯಚೂರುಗಳಲ್ಲಿ ಸರಕಾರದ ವೈದ್ಯವಿಜ್ಞಾನ ಸಂಸ್ಥೆಗಳಿವೆ. ಆದರೂ ಬಿಂಬನಿರ್ದೇಶಿತ ಚಿಕಿತ್ಸೆಯ ಉನ್ನತ ಶಿಕ್ಷಣವು ಮಹಾನಗರಗಳಲ್ಲಿಯೇ ಬೇರುಬಿಟ್ಟಿದೆ. ಕಲಿತವನು ಕಲಿತ ಊರಿನಲ್ಲಿ, ಯಂತ್ರವಿರುವಲ್ಲಿ ನಿಲ್ಲುವುದು ಸಹಜ.

ದೂರದ ಬೆಲೆ ಎಷ್ಟೆಂಬುದನ್ನು ಮೆದುಳಿನ ಆಘಾತ ತೋರಿಸುತ್ತದೆ. ಮೆದುಳಿನ ದೊಡ್ಡ ಧಮನಿಗೆ ರಕ್ತದ ಗರಣೆ ಅಡ್ಡಬಿದ್ದಾಗ ಪ್ರತಿ ನಿಮಿಷಕ್ಕೆ ಸುಮಾರು ೧೯ ಲಕ್ಷ ನರಕೋಶಗಳು ಸಾಯುತ್ತವೆಂದು ಲೆಕ್ಕಹಾಕಲಾಗಿದೆ. ಕೊಳವೆಯ ಮೂಲಕ ಆ ಗರಣೆಯನ್ನು ಎಳೆದು ತೆಗೆಯುವ ಚಿಕಿತ್ಸೆ ಸಫಲವೆಂದು ೨೦೧೫ರಲ್ಲಿ ಪ್ರಕಟವಾದ ಐದು ಪ್ರಯೋಗಗಳು ಸ್ಥಾಪಿಸಿದವು. ಸಾಮಾನ್ಯವಾಗಿ ಆರು ಗಂಟೆಯೊಳಗೆ, ಆರಿಸಿದ ಕೆಲವರಲ್ಲಿ ಇಪ್ಪತ್ತನಾಲ್ಕು ಗಂಟೆಯವರೆಗೆ ಅದನ್ನು ಮಾಡಬಹುದು. ಬೇಗನೆ ಮಾಡಿದಷ್ಟೂ ಉಳಿಯುವುದು ಹೆಚ್ಚು. ಬೀದರದಿಂದ ಹೈದರಾಬಾದಿಗೆ ಸುಮಾರು ೧೪೦ ಕಿಲೋಮೀಟರು, ಕಲಬುರಗಿಯಿಂದ ಇನ್ನೂರಕ್ಕೂ ಹೆಚ್ಚು. ಹಳ್ಳಿಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಆರು ಗಂಟೆ ಕಳೆದುಹೋಗುವುದರಲ್ಲಿ ಆಶ್ಚರ್ಯವಿಲ್ಲ. ಎಷ್ಟು ನಿಪುಣನಾದ ಗುರುವೂ ಕಳೆದ ಗಂಟೆಗಳನ್ನು ಮರಳಿ ತರಲಾರನು.

ಮೆದುಳಿನ ಚಿಕಿತ್ಸೆಯನ್ನು ಪ್ರತಿ ಜಿಲ್ಲೆಯಲ್ಲಿ ಒಡನೆಯೇ ಸ್ಥಾಪಿಸುವುದು ಸುಲಭಸಾಧ್ಯವಲ್ಲ. ರಕ್ತನಾಳಗಳನ್ನು ತೋರಿಸುವ ಯಂತ್ರಕ್ಕೆ ಕೋಟಿಗಟ್ಟಲೆ ಹಣ ಬೇಕು. ರಾತ್ರಿ ಹಗಲು ಸಿದ್ಧವಿರುವ ತಂಡ ಬೇಕು. ಆದರೆ ಈ ಶಾಸ್ತ್ರದ ಕೆಳಗಿನ ಮೆಟ್ಟಿಲುಗಳಿಗೆ ಅಷ್ಟು ವೆಚ್ಚವಿಲ್ಲವೆಂಬುದು ಮರೆಯಲಾಗದ ವಿಷಯ. ಯಕೃತ್ತಿನ ಕೀವನ್ನು ಹರಿಸುವುದಕ್ಕೂ, ಕಟ್ಟಿನಿಂತ ಮೂತ್ರಪಿಂಡಕ್ಕೆ ಹೊರದಾರಿ ಮಾಡುವುದಕ್ಕೂ, ಗಡ್ಡೆಯ ಚೂರನ್ನು ತೆಗೆಯುವುದಕ್ಕೂ ಅಲ್ಟ್ರಾಸೌಂಡ್ ಯಂತ್ರ, ಸೂಜಿ, ತಂತಿ, ಕೊಳವೆ ಹಾಗೂ ಕಲಿತ ಕೈ ಇದ್ದರೆ ಬಹುಮಟ್ಟಿಗೆ ಸಾಕು. ಅಲ್ಟ್ರಾಸೌಂಡ್ ಯಂತ್ರ ಜಿಲ್ಲೆಯ ಆಸ್ಪತ್ರೆಗಳಲ್ಲಿ ಇದ್ದೇ ಇದೆ. ರೇಡಿಯೋಡಯಗ್ನೋಸಿಸಿನ ಎಂ.ಡಿ.ಯಲ್ಲಿಯೇ ಪ್ರತಿಯೊಬ್ಬ ನಿವಾಸಿಗೂ ಈ ಮೊದಲ ಪಾಠಗಳನ್ನು ಗಟ್ಟಿಯಾಗಿ ಕಲಿಸಿ, ವರದಿ ಬರೆಯುವುದಷ್ಟೇ ತನ್ನ ಕಸುಬೆಂಬ ಭಾವನೆಯನ್ನು ಬಿಡಿಸಿದರೆ, ಕಲಬುರಗಿಯ ಕೀವು ಕಲಬುರಗಿಯಲ್ಲಿಯೇ ಹರಿದೀತು. ಅದಕ್ಕಾಗಿ ಡಿ.ಎಂ. ಪದವೀಧರನು ಬರುವ ತನಕ ಕಾಯಬೇಕಾದುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಬಿಂಬನಿರ್ದೇಶಿತ ಚಿಕಿತ್ಸೆಯ ನಿವಾಸಿಗೆ ಕಣ್ಣು ಮೊದಲು, ಕೈ ಅನಂತರ. ಇವೆರಡನ್ನೂ ಆಳತಕ್ಕದ್ದು ಹೊಣೆ. ಕಣ್ಣನ್ನು ಚಿತ್ರಗಳು ತಿದ್ದುವುವು, ಕೈಯನ್ನು ಗುರು ತಿದ್ದುವನು. ಹೊಣೆಯನ್ನು ಕಲಿಸುವವನು ರೋಗಿಯೇ; ಆದಕಾರಣ ನಿವಾಸಿಯು ಅವನ ಹತ್ತಿರ ಇರಬೇಕು, ಅವನ ಮಾತನ್ನು ತಿಳಿಯಬೇಕು. ಆಸ್ಪತ್ರೆಯಲ್ಲಿ ವಾಸವಾಗಿರಬೇಕೆಂದು ಬಾಲ್ಟಿಮೋರಿನ ಆಚಾರ್ಯರು ವಿಧಿಸಿದುದರ ಅರ್ಥವೂ ಇದಕ್ಕಿಂತ ಬೇರೆಯಲ್ಲ. ವಾಡಿಯ ಕಡೆಯ ರೈಲಿನಿಂದ ಸಿಕಂದರಾಬಾದಿನಲ್ಲಿ ಇಳಿಯುವ ರೋಗಿಗೆ, ತನ್ನ ಮೈಯೊಳಗೆ ಏನು ಹೋಗಲಿದೆ, ಅದರಿಂದ ಏನಾದೀತು, ಏನಾಗದಿರಬಹುದು ಎಂಬುದನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಬಲ್ಲ ವೈದ್ಯನು ದೊರೆತಾಗ ಈ ಹನ್ನೊಂದೂವರೆ ವರ್ಷದ ಶಿಕ್ಷಣ ಪೂರ್ಣವಾಯಿತೆನ್ನಬಹುದು.